ಮೊದಲ ಪೇಜ್ ಗ್ಯಾರಂಟಿಗೆ 25 ಸಾವಿರ ಕೊಡಬೇಕಾ? ಬಳ್ಳಾರಿಯ ಜೀನ್ಸ್ ಯೂನಿಟ್ ಮಾಲೀಕರಿಗೆ ಉತ್ತರ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಹದಿನಾಲ್ಕು ಮಷಿನ್. ಕಟಿಂಗ್, ಸ್ಟಿಚಿಂಗ್ ನಮ್ಮಲ್ಲೇ, ವಾಷಿಂಗ್ ಹೊರಗೆ. ಇಷ್ಟು ದಿನ ಏಜೆಂಟರ ಮೂಲಕ ಮಾಲು ಹೋಗುತ್ತಿತ್ತು. ನೇರವಾಗಿ ಅಂಗಡಿಯವರಿಗೆ ಮಾರೋಣ ಅಂತ ತಮ್ಮನ ಗೆಳೆಯನ ಕೈಲಿ ವೆಬ್‌ಸೈಟ್ ಮಾಡಿಸಿದೆವು. ಆರು ತಿಂಗಳಾಯಿತು, ಗೂಗಲ್‌ನಲ್ಲಿ ಹುಡುಕಿದರೆ ಎಲ್ಲೂ ಕಾಣುವುದಿಲ್ಲ. ಈಗ ಒಬ್ಬರು ಫೋನ್ ಮಾಡಿ, 25 ಸಾವಿರ ಕೊಟ್ಟರೆ 30 ದಿನದಲ್ಲಿ ಮೊದಲ ಪೇಜ್ ಗ್ಯಾರಂಟಿ ಅನ್ನುತ್ತಿದ್ದಾರೆ. ಜೊತೆಗೆ 5,000 ಬ್ಯಾಕ್‌ಲಿಂಕ್, 200 ಫೈವ್ ಸ್ಟಾರ್ ರಿವ್ಯೂ ಅಂತೆ. ಕೊಡಬಹುದಾ? ಅಥವಾ ನಾವೇ ಏನಾದರೂ ಮಾಡಿಕೊಳ್ಳಬಹುದಾ? ಸೈಟ್ ವಿಳಾಸ ಕಳಿಸಿದ್ದೇನೆ, ನೋಡಿ ಹೇಳಿ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ.

ಉತ್ತರ: ಕೊಡಬೇಡಿ. ಬಹುತೇಕ ಕೆಲಸ ನೀವೇ ಮಾಡಿಕೊಳ್ಳಬಹುದು. ಅದಕ್ಕೆ ಕಂಪ್ಯೂಟರ್‌ಗಿಂತ ಜೀನ್ಸ್ ವ್ಯಾಪಾರ ಗೊತ್ತಿರುವುದು ಮುಖ್ಯ.

ಮೊದಲು ಆ ಗ್ಯಾರಂಟಿ ಮಾತು. ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಎರಡು ಥರದ ಫಲಿತಾಂಶ ಬರುತ್ತವೆ. ಒಂದು ಜಾಹೀರಾತು. ಅದರ ಮೇಲೆ ‘ಸ್ಪಾನ್ಸರ್ಡ್’ ಅಂತ ಬರೆದಿರುತ್ತದೆ. ಯಾರಾದರೂ ಕ್ಲಿಕ್ ಮಾಡಿದರೆ ಜಾಹೀರಾತು ಕೊಟ್ಟವರ ದುಡ್ಡು ಕಟ್ ಆಗುತ್ತದೆ. ಇನ್ನೊಂದು ಮಾಮೂಲಿ ಪಟ್ಟಿ. ಈ ಪಟ್ಟಿಯಲ್ಲಿ ಜಾಗ ಮಾರಾಟಕ್ಕಿಲ್ಲ. ಜಾಹೀರಾತಿಗೆ ಲಕ್ಷಗಟ್ಟಲೆ ಸುರಿದರೂ ಮಾಮೂಲಿ ಪಟ್ಟಿಯಲ್ಲಿ ಅದರಿಂದ ಒಂದು ಸ್ಥಾನವೂ ಮೇಲೆ ಹೋಗುವುದಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದುಕೊಂಡಿದೆ.

ಮತ್ತೆ ಫೋನ್ ಮಾಡಿದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ಇದರಲ್ಲಿ ಒಂದು ಹಳೆಯ ಕೈಚಳಕ ಇದೆ. ಅವರನ್ನೇ ಕೇಳಿ ನೋಡಿ, ಯಾವ ಪದಕ್ಕೆ ಮೊದಲ ಪೇಜ್ ಅಂತ. ತಿಂಗಳಾದ ಮೇಲೆ ಅವರು ನಿಮ್ಮೆದುರೇ ಫೋನಿನಲ್ಲಿ ನಿಮ್ಮ ಯೂನಿಟ್‌ನ ಪೂರ್ತಿ ಹೆಸರು ಟೈಪ್ ಮಾಡುತ್ತಾರೆ, ನಿಮ್ಮ ಸೈಟ್ ಮೇಲೆ ಬರುತ್ತದೆ. ಬರದೆ ಇನ್ನೇನು? ಆ ಹೆಸರಿನವರು ನೀವೊಬ್ಬರೇ ಅಲ್ವಾ. ನಿಮ್ಮ ಹೆಸರು ಗೊತ್ತಿದ್ದವನು ಹೇಗಾದರೂ ನಿಮ್ಮನ್ನು ಹುಡುಕಿಕೊಳ್ಳುತ್ತಾನೆ. ನಿಮಗೆ ಬೇಕಾಗಿರುವುದು ಹೆಸರೇ ಗೊತ್ತಿಲ್ಲದ ಸಿಂಧನೂರಿನ ಅಂಗಡಿಯವರು, ಸೊಲ್ಲಾಪುರದ ಹೋಲ್‌ಸೇಲ್ ಪಾರ್ಟಿ.

ಇನ್ನು 5,000 ಬ್ಯಾಕ್‌ಲಿಂಕ್. ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಕೊಂಡಿಗೆ ಹಾಗನ್ನುತ್ತಾರೆ. ಇದಕ್ಕೆ ಬೆಲೆ ಬಂದಿದ್ದು 1998ರ ಹೊತ್ತಿಗೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಇಬ್ಬರೂ ಪೇಜ್‌ರ್‍ಯಾಂಕ್ ಅನ್ನುವ ಲೆಕ್ಕ ಕಟ್ಟಿದರು. ಒಂದು ಪುಟಕ್ಕೆ ಎಷ್ಟು ಜನ ಕೊಂಡಿ ಕೊಟ್ಟಿದ್ದಾರೆ, ಕೊಟ್ಟವರು ಎಂಥವರು ಅಂತ ನೋಡಿ ಆ ಪುಟದ ತೂಕ ಹೇಳುವ ಲೆಕ್ಕ ಅದು. ಒಳ್ಳೆಯ ಲೆಕ್ಕವೇ. ಆದರೆ ಯಾವುದಕ್ಕೆ ಬೆಲೆ ಬರುತ್ತದೋ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಯಾರೂ ಓದದ ಸಾವಿರಾರು ಸೈಟ್ ಕಟ್ಟಿ, ಅದರಿಂದ ಕೊಂಡಿ ಮಾರುವ ದಂಧೆ ಶುರುವಾಯಿತು.

ಇದರಲ್ಲಿ ಸಣ್ಣವರಷ್ಟೇ ಅಲ್ಲ, ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 2011ರ ಫೆಬ್ರುವರಿಯಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಅನ್ನುವ ದೊಡ್ಡ ಅಂಗಡಿ ಸರಪಳಿಗೆ ಹೀಗೇ ದುಡ್ಡಿನ ಕೊಂಡಿಗಳಿವೆ ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಬಟ್ಟೆ, ಹಾಸಿಗೆ ಹೊದಿಕೆ ಅಂತ ಹುಡುಕಿದರೆ ಮೊದಲು ಬರುತ್ತಿದ್ದ ಸೈಟ್ ಕೆಲವೇ ದಿನಗಳಲ್ಲಿ ಎಷ್ಟೋ ಪುಟ ಹಿಂದಕ್ಕೆ ಹೋಯಿತು. ಅದಕ್ಕೂ ಮೊದಲು, 2006ರಲ್ಲಿ, ಗೂಗಲ್‌ಗೊಂದು ಓದುಗರಿಗೊಂದು ತೋರಿಸುವ ಪುಟಗಳನ್ನಿಟ್ಟಿದ್ದಕ್ಕೆ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ಸೈಟನ್ನೇ ಗೂಗಲ್ ಪಟ್ಟಿಯಿಂದ ಎತ್ತಿಹಾಕಿತ್ತು. ಅಷ್ಟು ದೊಡ್ಡ ಕಂಪನಿ, ತಪ್ಪು ಸರಿಪಡಿಸಿಕೊಂಡು ಬೇಗ ವಾಪಸ್ ಬಂತು ಬಿಡಿ. ನಿಮ್ಮ ಹದಿನಾಲ್ಕು ಮಷಿನ್ ಯೂನಿಟ್‌ಗೆ ಆ ಓಡಾಟ ಯಾಕೆ?

2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಲೆಕ್ಕದಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ಬಂದಾಗ ಕೊಂಡಿ ಕೊಂಡುಕೊಂಡ ಸೈಟ್‌ಗಳು ರಾಶಿ ರಾಶಿ ಕೆಳಗೆ ಬಿದ್ದವು. ಈಗ ಅಂಥ ಬಹುಪಾಲು ಕೊಂಡಿಗಳನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮ್ಮ ದುಡ್ಡು ನೀರಿನಲ್ಲಿ ಹೋಮ. ಅದೂ ಅದೃಷ್ಟ ಚೆನ್ನಾಗಿದ್ದರೆ. ಇಲ್ಲದಿದ್ದರೆ ‘ಮ್ಯಾನ್ಯುವಲ್ ಆ್ಯಕ್ಷನ್’ ಅಂತ ಶಿಕ್ಷೆ ಬೀಳುತ್ತದೆ. ಆಮೇಲೆ ಕೊಂಡಿಗಳನ್ನು ಒಂದೊಂದಾಗಿ ತೆಗೆಸಿ, ತಪ್ಪಾಯ್ತು ಅಂತ ಅರ್ಜಿ ಹಾಕಿ ಕಾಯಬೇಕು. ಆ ಹೊತ್ತಿಗೆ ಫೋನ್ ಮಾಡಿದ ಪುಣ್ಯಾತ್ಮರ ನಂಬರ್ ಸ್ವಿಚ್ ಆಫ್.

200 ರಿವ್ಯೂ ವಿಷಯ ಇನ್ನೂ ಕೆಟ್ಟದ್ದು. ಕೊಂಡಿಯಲ್ಲಿ ಮೋಸ ಹೋಗುವುದು ಗೂಗಲ್, ಸುಳ್ಳು ರಿವ್ಯೂನಲ್ಲಿ ಮೋಸ ಹೋಗುವುದು ನಿಮ್ಮ ಗಿರಾಕಿ. ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ನಮ್ಮ ದೇಶದಲ್ಲೇ 2022ರಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊ, ಒಂದು ಮಾನದಂಡ ತಂದಿದೆ, ಐಎಸ್ 19000 ಅಂತ. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ಕ್ರಮ ಕೈಗೊಳ್ಳಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಗವಿದೆ. ಅದೆಲ್ಲ ಪಕ್ಕಕ್ಕಿಡಿ. ಜೀನ್ಸ್ ಹೋಲ್‌ಸೇಲ್ ಮಾಡುವ ಬಳ್ಳಾರಿಯ ಯೂನಿಟ್‌ಗೆ ಒಂದೇ ವಾರದಲ್ಲಿ 200 ಜನ ‘ನೈಸ್ ಸರ್ವಿಸ್’ ಅಂತ ಬರೆದಿದ್ದರೆ, ಇಪ್ಪತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದ ಮನುಷ್ಯ ನಂಬುತ್ತಾನಾ?

ಈಗ ನಿಮ್ಮ ಸೈಟಿಗೆ ಬರೋಣ. ನೀವು ಕಳಿಸಿದ ವಿಳಾಸ ತೆರೆದು ನೋಡಿದೆ. ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಗೂಗಲ್ ಮೂರು ಕೆಲಸ ಮಾಡುತ್ತದೆ. ಮೊದಲು ಅದರ ಬಾಟ್, ಅಂದರೆ ತಾನಾಗೇ ಓಡಾಡುವ ಪ್ರೋಗ್ರಾಂ, ನಿಮ್ಮ ಪುಟಕ್ಕೆ ಬಂದು ಓದುತ್ತದೆ. ಆಮೇಲೆ ಓದಿದ್ದನ್ನು ತನ್ನ ಇಂಡೆಕ್ಸ್‌ಗೆ, ಅಂದರೆ ಪುಟಗಳ ದಾಖಲೆಗೆ, ಸೇರಿಸುತ್ತದೆ. ಯಾರಾದರೂ ಹುಡುಕಿದಾಗ ಆ ಇಂಡೆಕ್ಸ್‌ನಿಂದ ಹೊಂದುವ ಪುಟಗಳನ್ನು ತೆಗೆದು ತೋರಿಸುತ್ತದೆ. ನೀವು ಎರಡನೇ ಹಂತದವರೆಗೆ ಬಂದಿದ್ದೀರಾ ಅಂತ ತಿಳಿಯಲು ಸುಲಭದ ದಾರಿ ಇದೆ. ಗೂಗಲ್‌ನಲ್ಲಿ ಸೈಟ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಪಕ್ಕದಲ್ಲಿ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಸೇರಿಸಿ ಹುಡುಕಿ. ಗೂಗಲ್ ಬಳಿ ಇರುವ ನಿಮ್ಮ ಪುಟಗಳು ಬರುತ್ತವೆ.

ನಿಮ್ಮದು ಹಾಕಿದರೆ ಮೂರು ಪುಟ ಬಂದವು. ಒಂದರ ಹೆಸರು ‘ಹೋಮ್’. ಇನ್ನೊಂದು ‘ಹಲೋ ವರ್ಲ್ಡ್’. ಮೂರನೆಯದು ‘ಸ್ಯಾಂಪಲ್ ಪೇಜ್’. ಕೊನೆಯ ಎರಡು ನಿಮ್ಮವಲ್ಲ. ಸೈಟ್ ಕಟ್ಟುವ ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್ ಹಾಕಿದ ಕೂಡಲೇ ತಾನಾಗಿ ಬರುವ ಪುಟಗಳು ಅವು. ಅಳಿಸಬೇಕಿತ್ತು, ಸೈಟ್ ಮಾಡಿದ ಹುಡುಗ ಮರೆತಿದ್ದಾನೆ. ಅಂದರೆ ಆರು ತಿಂಗಳಿಂದ ಗೂಗಲ್‌ಗೆ ನಿಮ್ಮ ಬಗ್ಗೆ ಗೊತ್ತಿರುವುದು ಇಷ್ಟೇ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಹೀಗೆ ಹುಡುಕಿದಾಗ ಏನೂ ಬರದಿದ್ದರೆ, ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಅನ್ನುವ ಜಾಗ ನೋಡಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸದಿರಲಿ ಅನ್ನುವ ಒಂದು ಟಿಕ್ ಗುರುತಿನ ಚೌಕ ಅಲ್ಲಿದೆ. ಸೈಟ್ ಕಟ್ಟುವಾಗ ಹಾಕಿದ ಟಿಕ್ ತೆಗೆಯುವುದು ಮರೆತು ವರ್ಷಗಟ್ಟಲೆ ಕೂತವರಿದ್ದಾರೆ. ಒಂದು ಕ್ಲಿಕ್‌ನ ಕೆಲಸ.

ನಿಮ್ಮ ಹೋಮ್ ಪೇಜ್ ಮೊಬೈಲ್‌ನಲ್ಲಿ ತೆರೆದೆ. ಮೇಲೆ ದೊಡ್ಡ ಪೋಸ್ಟರ್. ಕೆಂಪು ಹಳದಿ ಅಕ್ಷರದಲ್ಲಿ ‘ಎಲ್ಲಾ ಸೈಜ್ ಜೀನ್ಸ್ ಹೋಲ್‌ಸೇಲ್ ದರದಲ್ಲಿ’, ಕೆಳಗೆ ಫೋನ್ ನಂಬರ್. ಇದನ್ನು ವಾಟ್ಸಾಪ್‌ಗೆ ಮಾಡಿಸಿದ್ದು ಅನ್ನಿಸುತ್ತದೆ. ನೋಡುವ ಮನುಷ್ಯನಿಗೆ ಅದು ಅಕ್ಷರ, ಆದರೆ ಸೈಟಿನ ಮಟ್ಟಿಗೆ ಅದೊಂದು ಚಿತ್ರ. ಚಿತ್ರದೊಳಗಿನ ಬರಹವನ್ನು ನೆಚ್ಚಿಕೊಂಡು ಗೂಗಲ್ ನಿಮ್ಮನ್ನು ತೋರಿಸುತ್ತದೆ ಅಂತ ಕೂರಬೇಡಿ. ಫೋನ್ ನಂಬರ್ ಕೂಡ ಚಿತ್ರದಲ್ಲೇ ಇದೆ, ಒತ್ತಿದರೆ ಕರೆ ಹೋಗುವುದಿಲ್ಲ. ಅದರ ಕೆಳಗೆ ಸಾಲಾಗಿ ಪ್ಯಾಂಟಿನ ಫೋಟೊಗಳು. ಪ್ರತಿ ಫೋಟೊದ ಫೈಲ್ ಹೆಸರು ‘ವಾಟ್ಸಾಪ್ ಇಮೇಜ್’, ಪಕ್ಕದಲ್ಲಿ ತಾರೀಕು. ಯಾವ ಬಟ್ಟೆ, ಯಾವ ಫಿಟ್, ಯಾವ ಸೈಜ್, ಒಂದಕ್ಕೂ ಒಂದು ಸಾಲಿಲ್ಲ.

ಇನ್ನೊಂದು ವಿಚಿತ್ರ ಕಂಡೆ. ‘ನಮ್ಮ ಬಗ್ಗೆ’ ಅನ್ನುವ ಭಾಗದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೊಂದು ಕೊಂಬು, ಪಕ್ಕದಲ್ಲೊಂದು ಚಿಹ್ನೆ. ಯಾರೋ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದ್ದಾರೆ. ಡಿಟಿಪಿ ಅಂಗಡಿಯಿಂದ ಬಂದ ಫೈಲ್ ಆದರೆ ಹೀಗಾಗುವುದು ಜಾಸ್ತಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನ್ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರಕ್ಕೆ, ಬದಲಾಯಿಸುವ ಉಚಿತ ಕನ್ವರ್ಟರ್‌ಗಳಿವೆ. ಅಷ್ಟೂ ಬೇಡ, ಒಂದು ಪ್ಯಾರಾ ತಾನೆ, ಫೋನಿನ ಕನ್ನಡ ಕೀಬೋರ್ಡಿನಲ್ಲೇ ಹೊಸದಾಗಿ ಬರೆದುಬಿಡಿ.

ಇಲ್ಲಿಂದ ಮುಂದಿನದು ನಿಮ್ಮ ಕೆಲಸ. ಹುಡುಕಿದಾಗ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ, ಅದು ಏನೋ ಗುಟ್ಟಿನ ವಿದ್ಯೆ ಅಂತ ತಲೆಕೆಡಿಸಿಕೊಳ್ಳಬೇಡಿ. ಹೊಸ ಪಾರ್ಟಿ ಫೋನ್ ಮಾಡಿದಾಗ ನಿಮ್ಮನ್ನು ಏನೇನು ಕೇಳುತ್ತಾರೆ? ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮಿನಿಮಮ್ ಎಷ್ಟು ಪೀಸ್? ಒಂದೇ ಡಿಸೈನ್‌ನಲ್ಲಿ ಸೈಜ್ ಸೆಟ್ ಹೇಗೆ, 28ರಿಂದ 36ಕ್ಕೆ ಎಷ್ಟೆಷ್ಟು? ಬಟ್ಟೆ ಎಷ್ಟು ಔನ್ಸ್? ಲೈಕ್ರಾ ಇದೆಯಾ, ಪೂರ್ತಿ ಕಾಟನ್ನಾ? ವಾಶ್ ಯಾವುದು? ಬಣ್ಣ ಬಿಡುತ್ತದಾ? ಡ್ಯಾಮೇಜ್ ಬಂದರೆ ವಾಪಸ್ ತಗೊಳ್ತೀರಾ? ನಮ್ಮ ಲೇಬಲ್ ಹಾಕಿ ಹೊಲಿದು ಕೊಡ್ತೀರಾ? ಟ್ರಾನ್ಸ್‌ಪೋರ್ಟ್ ಖರ್ಚು ಯಾರದು? ಸ್ಯಾಂಪಲ್ ಕಳಿಸ್ತೀರಾ? ಅಡ್ವಾನ್ಸ್ ಎಷ್ಟು?

ನಿಮ್ಮ ಸೈಟಿನಲ್ಲಿ ಇರಬೇಕಾದ್ದು ಇವಕ್ಕೆ ಉತ್ತರ. ಬೇರೇನೂ ಬೇಡ. ಜನ ಫೋನಿನಲ್ಲಿ ಕೇಳುವುದನ್ನೇ ಗೂಗಲ್‌ನಲ್ಲೂ ಕೇಳುತ್ತಾರೆ. ಬಳ್ಳಾರಿಯಲ್ಲಿ ಎಷ್ಟೋ ಯೂನಿಟ್‌ಗಳಿವೆ. ಅವುಗಳ ಪೈಕಿ ಮಿನಿಮಮ್ ಆರ್ಡರ್ ಎಷ್ಟು ಅಂತ ನೇರವಾಗಿ ಬರೆದಿರುವ ಸೈಟ್ ಎಷ್ಟಿವೆ, ನೀವೇ ಹುಡುಕಿ ನೋಡಿ. ಅಲ್ಲಿ ಖಾಲಿ ಇರುವ ಜಾಗವೇ ನಿಮ್ಮ ಜಾಗ.

ಒಂದು ಮಾದರಿ ಕೊಡುತ್ತೇನೆ. ಈಗ ನಿಮ್ಮ ಸೈಟಿನಲ್ಲಿರುವ ಇಂಗ್ಲಿಷ್ ಸಾಲಿನ ಅರ್ಥ ಹೀಗಿದೆ: ‘ಅತ್ಯುತ್ತಮ ಗುಣಮಟ್ಟದ ಜೀನ್ಸ್‌ಗಳನ್ನು ಅತ್ಯುತ್ತಮ ಬೆಲೆಯಲ್ಲಿ ಗ್ರಾಹಕರ ತೃಪ್ತಿಯೇ ಗುರಿಯಾಗಿಟ್ಟುಕೊಂಡು ನೀಡುತ್ತೇವೆ.’ ಇದು ಸಾಬೂನು ಮಾರುವವರ ಸೈಟಿಗೂ ಹೊಂದುತ್ತದೆ. ಅದನ್ನು ತೆಗೆದು ಹೀಗೆ ಬರೆದರೆ? ‘ಗಂಡಸರ ಸ್ಲಿಮ್ ಫಿಟ್ ಜೀನ್ಸ್. 10 ಔನ್ಸ್ ಡೆನಿಮ್, ಲೈಕ್ರಾ ಸೇರಿದೆ. ಎನ್ಜೈಮ್ ವಾಶ್. ಸೈಜ್ 28ರಿಂದ 36. ಒಂದು ಡಿಸೈನ್‌ಗೆ ಕನಿಷ್ಠ 50 ಪೀಸ್, ಮೊದಲ ಸಲ ತೆಗೆದುಕೊಳ್ಳುವವರಿಗೆ 20 ಪೀಸ್ ಸ್ಯಾಂಪಲ್ ಲಾಟ್. ಮೊದಲ ಎರಡು ಒಗೆತಕ್ಕೆ ಸ್ವಲ್ಪ ಬಣ್ಣ ಬಿಡುತ್ತದೆ, ಬೇರೆ ಒಗೆಯಿರಿ ಅಂತ ಗಿರಾಕಿಗೆ ಹೇಳಿ.’ ಅಂಕಿಗಳು ಉದಾಹರಣೆಗೆ ಹಾಕಿದ್ದು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಬಣ್ಣ ಬಿಡುತ್ತದೆ ಅಂತ ಬರೆಯಲು ಕೈ ತಡೆಯುತ್ತದೆ, ಗೊತ್ತು. ಆದರೆ ಆ ಸಾಲನ್ನು ಓದಿಯೇ ಅಂಗಡಿಯವರು ನಿಮಗೆ ಫೋನ್ ಮಾಡುವ ಸಾಧ್ಯತೆ ಜಾಸ್ತಿ.

ಒಂದೇ ಪುಟಕ್ಕೆ ಎಲ್ಲ ತುಂಬಬೇಡಿ. ಗಂಡಸರ ಜೀನ್ಸ್‌ಗೆ ಒಂದು ಪುಟ, ಮಕ್ಕಳದ್ದಿದ್ದರೆ ಅದಕ್ಕೊಂದು, ಪಾರ್ಟಿಯವರ ಲೇಬಲ್‌ನಲ್ಲಿ ಹೊಲಿದುಕೊಡುವ ಜಾಬ್ ವರ್ಕ್‌ಗೆ ಒಂದು, ಆರ್ಡರ್ ಮತ್ತು ಟ್ರಾನ್ಸ್‌ಪೋರ್ಟ್ ಬಗ್ಗೆ ಒಂದು. ನಾಲ್ಕೈದು ಪುಟ ಸಾಕು ಸದ್ಯಕ್ಕೆ. ಒಂದರಿಂದ ಇನ್ನೊಂದಕ್ಕೆ ಕೊಂಡಿ ಇರಲಿ.

ಪ್ರತಿ ಪುಟಕ್ಕೂ ಒಂದು ಟೈಟಲ್ ಇರುತ್ತದೆ. ಗೂಗಲ್ ಪಟ್ಟಿಯಲ್ಲಿ ದಪ್ಪಗೆ ಕಾಣುವುದು ಸಾಮಾನ್ಯವಾಗಿ ಅದೇ. ನಿಮ್ಮದು ಈಗ ‘ಹೋಮ್’ ಅಂತಿದೆ. ‘ಬಳ್ಳಾರಿ ಜೀನ್ಸ್ ಹೋಲ್‌ಸೇಲ್, ಗಂಡಸರ ಸ್ಲಿಮ್ ಫಿಟ್, 50 ಪೀಸ್‌ನಿಂದ’ ಅಂತ ಮಾಡಿ, ಕೊನೆಗೆ ಯೂನಿಟ್ ಹೆಸರು. ಅದರ ಕೆಳಗೆ ಬರಲಿ ಅಂತ ನೀವು ಬರೆದುಕೊಡುವ ಎರಡು ಸಾಲಿಗೆ ಮೆಟಾ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಅದರಿಂದ ಸ್ಥಾನ ಮೇಲೆ ಹೋಗುವುದಿಲ್ಲ, ಆದರೆ ಓದಿದವರು ಒತ್ತಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಅದನ್ನು ನೋಡಿಯೇ. ಮೆಟಾ ಕೀವರ್ಡ್ಸ್ ಅಂತ ಇನ್ನೊಂದು ಜಾಗ ತೋರಿಸಿ ಅಲ್ಲಿ ನೂರು ಪದ ತುಂಬಿಸುತ್ತೇವೆ ಅಂತ ಯಾರಾದರೂ ಹೇಳಿದರೆ, ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ ಅಂತ ತಿಳಿಸಿ ಫೋನ್ ಇಡಿ.

ಊರ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತಲ್ಲ, ವ್ಯಾಪಾರಿಗಳು ಮಾತ್ರ ಇನ್ನೂ ಹಳೆಯ ‘ಬೆಲ್ಲರಿ’ಯನ್ನೇ ಟೈಪ್ ಮಾಡುತ್ತಾರೆ. ಎರಡೂ ಒಂದೇ ಊರು ಅಂತ ಗೂಗಲ್‌ಗೆ ಗೊತ್ತಾಗುತ್ತದೆ. ಆದರೂ ಇಂಗ್ಲಿಷ್ ಪುಟದಲ್ಲಿ ಹಳೆಯದನ್ನೂ ಒಂದು ಸಲ ಬರೆದಿಡಿ. ಒಂದೇ ಸಲ. ಸಾಲು ಸಾಲಿಗೂ ಊರ ಹೆಸರು ತುರುಕಿದರೆ ಓದುವವರಿಗೂ ಕಿರಿಕಿರಿ, ಗೂಗಲ್ ಕೂಡ ಅದನ್ನು ಸ್ಪ್ಯಾಮ್ ಅನ್ನುತ್ತದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಪದ ಬಚ್ಚಿಡುವುದೂ ಅಷ್ಟೆ, ಓಬೀರಾಯನ ಕಾಲದ ಉಪಾಯ ಅದು.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲಾ? ನಿಮ್ಮ ವಿಷಯದಲ್ಲಿ ಎರಡೂ ಬೇಕು, ಆದರೆ ಬೇರೆ ಬೇರೆ ಪುಟವಾಗಿ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಪಾರ್ಟಿಗಳು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಕೊಪ್ಪಳ, ಗಂಗಾವತಿ, ಲಿಂಗಸುಗೂರು ಕಡೆಯ ಅಂಗಡಿಯವರು ಈಗ ಫೋನಿಗೆ ಬಾಯಿಯಲ್ಲೇ ಹೇಳಿ ಕನ್ನಡದಲ್ಲಿ ಹುಡುಕುತ್ತಾರೆ. ಕನ್ನಡದಲ್ಲಿ ಈ ವ್ಯಾಪಾರದ ಬಗ್ಗೆ ಬರೆದವರು ಕಡಿಮೆ, ಆದ್ದರಿಂದ ಪೈಪೋಟಿಯೂ ಕಡಿಮೆ. ಇಂಗ್ಲಿಷ್ ಪುಟವನ್ನು ಮಷಿನ್‌ಗೆ ಕೊಟ್ಟು ಅನುವಾದ ಮಾಡಿಸಿ ಹಾಗೇ ಹಾಕಬೇಡಿ. ‘ತೊಳೆಯುವ ಕಲ್ಲು’ ಅಂತೆಲ್ಲ ಬಂದುಬಿಡುತ್ತದೆ. ಸ್ಟೋನ್ ವಾಶ್ ಅಂದರೆ ಎಲ್ಲರಿಗೂ ಗೊತ್ತು, ಹಾಗೇ ಬರೆಯಿರಿ.

ಇಲ್ಲೇ ಎರಡು ಆಸೆ ಹುಟ್ಟುತ್ತವೆ, ಎರಡಕ್ಕೂ ಹೋಗಬೇಡಿ. ಮೊದಲನೆಯದು, ರಾಯಚೂರಿಗೊಂದು, ಸಿಂಧನೂರಿಗೊಂದು, ಕುಷ್ಟಗಿಗೊಂದು ಅಂತ ಊರ ಹೆಸರು ಮಾತ್ರ ಬದಲಾಯಿಸಿ ಐವತ್ತು ಪುಟ ಮಾಡುವುದು. ಇದಕ್ಕೆ ಡೋರ್‌ವೇ ಪುಟ ಅನ್ನುತ್ತಾರೆ, ಗೂಗಲ್ ನಿಯಮಕ್ಕೆ ವಿರುದ್ಧ. ಎಲ್ಲೆಲ್ಲಿಗೆ ಮಾಲು ಕಳಿಸುತ್ತೀರಿ, ಎಷ್ಟು ದಿನಕ್ಕೆ ತಲುಪುತ್ತದೆ ಅಂತ ಒಂದೇ ಪುಟದಲ್ಲಿ ಬರೆದರೆ ಮುಗಿಯಿತು. ಎಐಗೆ ಹೇಳಿ ರಾತ್ರಿ ಬೆಳಗಾಗುವುದರೊಳಗೆ ನೂರು ಲೇಖನ ಮಾಡಿಸುವುದೂ ಇದೇ ಜಾತಿಯದು. ರ್‍ಯಾಂಕ್‌ಗಾಗಿ ಹೀಗೆ ರಾಶಿ ಹಾಕುವುದನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲಿ ಸೇರಿಸಿತು. ಎಐ ಹತ್ತಿರ ಕಾಗುಣಿತ ತಿದ್ದಿಸಿಕೊಳ್ಳಿ, ಪರವಾಗಿಲ್ಲ. ವಿಷಯ ನಿಮ್ಮದಿರಲಿ.

ಎರಡನೆಯದು ನಿಮ್ಮ ದಂಧೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು: ‘ಫಸ್ಟ್ ಕಾಪಿ’, ಅಂದರೆ ದೊಡ್ಡ ಬ್ರ್ಯಾಂಡಿನ ನಕಲು ಮಾಲು. ದೊಡ್ಡ ಬ್ರ್ಯಾಂಡ್ ಹೆಸರು ಹಾಕಿದರೆ ಹುಡುಕಿ ಬರುವವರು ಜಾಸ್ತಿ, ನಿಜ. ಆದರೆ ಇನ್ನೊಬ್ಬರ ಟ್ರೇಡ್‌ಮಾರ್ಕ್ ಹಾಕಿ ಮಾಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ. ವೆಬ್‌ಸೈಟ್‌ನಲ್ಲಿ ಹಾಗೆ ಬರೆದಿಟ್ಟರೆ ಸಾಕ್ಷಿಯನ್ನು ನೀವೇ ಕೈಗೆ ಕೊಟ್ಟಂತೆ. ಬಳ್ಳಾರಿ ಜೀನ್ಸ್ ಅನ್ನುವುದಕ್ಕೇ ಮಾರುಕಟ್ಟೆಯಲ್ಲಿ ಹೆಸರಿದೆ. ಅದನ್ನು ಬಿಟ್ಟು ಬೇರೆಯವರ ಹೆಸರು ಯಾಕೆ ಬೇಕು?

ತಾಂತ್ರಿಕ ಕೆಲಸ ಸ್ವಲ್ಪವೇ ಇದೆ. ಹುಡುಗನಿಗೆ ಹೀಗೆ ಹೇಳಿ. ಫೋನಿನ ಫೋಟೊ ಒಂದೊಂದು ನಾಲ್ಕೈದು ಎಂಬಿ ಇರುತ್ತದೆ, ಅದನ್ನು 200 ಕೆಬಿ ಒಳಗೆ ಇಳಿಸಲಿ. ನಿಮ್ಮ ಸೈಟ್ ತೆರೆಯಲು ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ. ಬಸ್ಸಿನಲ್ಲಿ ಕೂತು ನೋಡುವ ಗಿರಾಕಿ ಅಷ್ಟು ಹೊತ್ತು ಕಾಯುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗುತ್ತಾನೆ. ಫೈಲ್ ಹೆಸರು, ಆಲ್ಟ್ ಟೆಕ್ಸ್ಟ್ (ಫೋಟೊದ ಹಿಂದೆ ಕೋಡ್‌ನಲ್ಲಿರುವ ವಿವರಣೆ) ಎರಡರಲ್ಲೂ ಅದು ಯಾವ ಪ್ಯಾಂಟ್ ಅಂತ ಬರೆಯಲಿ. ವಿಳಾಸದ ಮೊದಲಿಗೆ ಸುರಕ್ಷಿತ ಸಂಪರ್ಕದ ಗುರುತಾದ ಎಚ್‌ಟಿಟಿಪಿಎಸ್ ಬರಲಿ, ಅದರ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡರೆ ಸಾಲದು. ಗೂಗಲ್ ಈಗ ಓದುವುದು ಮೊಬೈಲಿನಲ್ಲಿ ಕಾಣುವ ರೂಪವನ್ನೇ.

ಕೊನೆಗೆ ಗೂಗಲ್ ಸರ್ಚ್ ಕನ್ಸೋಲ್. ಸೈಟ್ ಇರುವವರಿಗೆ ಗೂಗಲ್ಲೇ ಕೊಡುವ ಸಾಧನ ಇದು, ಉಚಿತ. ಸೈಟ್ ನಿಮ್ಮದೇ ಅಂತ ಒಮ್ಮೆ ತೋರಿಸಿಕೊಟ್ಟು, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಡಬೇಕು. ಹೊಸ ಪುಟ ಹಾಕಿದಾಗ ‘ಇದನ್ನು ನೋಡಿ’ ಅಂತ ಗೂಗಲ್‌ಗೆ ಅಲ್ಲಿಂದಲೇ ಕೇಳಿಕೊಳ್ಳಬಹುದು. ಯಾರು ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅಂತ ಅಲ್ಲಿ ಕಾಣುತ್ತದೆ, 16 ತಿಂಗಳ ಲೆಕ್ಕ ಇರುತ್ತದೆ. ಒಂದು ಪದಕ್ಕೆ ಪುಟ ತುಂಬ ಸಲ ಕಂಡಿದೆ, ಆದರೆ ಯಾರೂ ಒತ್ತಿಲ್ಲ ಅಂದರೆ ಟೈಟಲ್ ಬದಲಾಯಿಸಿ ನೋಡಿ. ನೀವು ಊಹಿಸಿಯೇ ಇರದ ಪದಕ್ಕೆ ಜನ ಬರುತ್ತಿದ್ದರೆ ಅದರ ಬಗ್ಗೆಯೇ ಒಂದು ಪುಟ ಬರೆಯಿರಿ. ನನ್ನ ಪ್ರಕಾರ ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಎಸ್‌ಇಒ ಸಾಫ್ಟ್‌ವೇರ್‌ಗಿಂತ ಈ ಉಚಿತದ್ದೇ ನಿಮಗೆ ಸಾಕು.

ಸೈಟಿನಷ್ಟೇ ಮುಖ್ಯ, ಇನ್ನೂ ಹೇಳಬೇಕೆಂದರೆ ನಿಮಗೆ ಅದಕ್ಕಿಂತ ಬೇಗ ಫಲ ಕೊಡುವುದು, ಗೂಗಲ್ ಬಿಸಿನೆಸ್ ಪ್ರೊಫೈಲ್. ಮ್ಯಾಪ್‌ನಲ್ಲಿ ಅಂಗಡಿ ಕಾಣುತ್ತದಲ್ಲ, ಅದು. ಉಚಿತವೇ. ಯೂನಿಟ್ ನಿಜವಾಗಿ ಇದೆಯಾ ಅಂತ ತಿಳಿಯಲು ಬೋರ್ಡು, ರಸ್ತೆ, ಒಳಗಿನ ಮಷಿನ್‌ಗಳನ್ನು ತೋರಿಸುವ ವಿಡಿಯೊವನ್ನು ಗೂಗಲ್ ಕೇಳಬಹುದು, ಮಾಡಿ ಕಳಿಸಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲೆ ಏನಿದೆಯೋ ಅದನ್ನೇ ಹಾಕಿ. ಹೆಸರಿಗೆ ‘ನಂಬರ್ ಒನ್ ಜೀನ್ಸ್ ಹೋಲ್‌ಸೇಲ್ ಬಳ್ಳಾರಿ’ ಅಂತ ಬಾಲ ಅಂಟಿಸಿದರೆ ಪ್ರೊಫೈಲ್ ಸಸ್ಪೆಂಡ್ ಆಗಬಹುದು. ಎಷ್ಟು ಹತ್ತಿರ, ಹುಡುಕಿದ್ದಕ್ಕೆ ಎಷ್ಟು ಹೊಂದಿಕೆ, ಎಷ್ಟು ಹೆಸರುವಾಸಿ ಈ ಮೂರನ್ನು ನೋಡಿ ಗೂಗಲ್ ಮ್ಯಾಪ್‌ನ ಪಟ್ಟಿ ತಯಾರಾಗುತ್ತದೆ. ಆದ್ದರಿಂದ ರಾಯಲ್ ಸರ್ಕಲ್‌ನಲ್ಲಿ ನಿಂತು ಹುಡುಕುವ ಹೊರಊರಿನ ವ್ಯಾಪಾರಿಗೆ ನೀವು ಕಾಣುವ ಅವಕಾಶ ಚೆನ್ನಾಗಿದೆ.

ರಿವ್ಯೂ ಅಲ್ಲೇ ಬರುವುದು. ಪ್ರೊಫೈಲ್‌ನಿಂದ ಒಂದು ಲಿಂಕ್ ಸಿಗುತ್ತದೆ. ಮಾಲು ತಲುಪಿ ಒಂದು ವಾರವಾದ ಮೇಲೆ ಪಾರ್ಟಿಗೆ ಕಳಿಸಿ, ‘ಹೇಗಿತ್ತು ಅಂತ ನಾಲ್ಕು ಸಾಲು ಬರೀರಿ ಅಣ್ಣಾ’ ಅಂತ ಕೇಳಿ. ಬರೆದರೆ ಪೀಸ್‌ಗೆ ಐದು ರೂಪಾಯಿ ಕಡಿಮೆ ಅಂತ ಮಾತ್ರ ಹೇಳಬೇಡಿ. ಲಾಭ ತೋರಿಸಿ ರಿವ್ಯೂ ಬರೆಸಿಕೊಳ್ಳುವುದನ್ನು ಗೂಗಲ್ ಒಪ್ಪುವುದಿಲ್ಲ. ಯಾರಾದರೂ ಜಿಪ್ ಕೆಟ್ಟಿತ್ತು ಅಂತ ಬರೆದರೆ ಜಗಳಕ್ಕೆ ಹೋಗದೆ ‘ಆ ಲಾಟ್‌ನ ಪೀಸ್ ಬದಲಾಯಿಸಿ ಕೊಡುತ್ತೇವೆ’ ಅಂತ ಉತ್ತರ ಕೊಟ್ಟು ಬದಲಾಯಿಸಿ ಕೊಡಿ. ಹೊಸಬರು ಓದುವುದು ಆ ಉತ್ತರವನ್ನೇ.

ನಿಜವಾದ ಕೊಂಡಿಗಳೂ ನಿಮ್ಮ ಸುತ್ತಲೇ ಇವೆ. ನಿಮಗೆ ಬಟ್ಟೆ ಕೊಡುವ ಮಿಲ್‌ನ ಡೀಲರ್‌ಗೆ, ವಾಷಿಂಗ್ ಯೂನಿಟ್‌ಗೆ, ನಿಮ್ಮ ಮಾಲು ಮಾರುವ ಅಂಗಡಿಗಳಿಗೆ ಸೈಟ್ ಇದ್ದರೆ ಅಲ್ಲಿ ನಿಮ್ಮ ಹೆಸರು, ಕೊಂಡಿ ಹಾಕಲು ಕೇಳಿ. ನಿಮ್ಮ ವ್ಯಾಪಾರದವರ ಸಂಘದ ಸದಸ್ಯರ ಪಟ್ಟಿಯಲ್ಲಿ ನಿಮ್ಮ ವಿಳಾಸ ಸರಿ ಇದೆಯಾ ನೋಡಿ. ಇಂಡಿಯಾಮಾರ್ಟ್, ಜಸ್ಟ್ ಡಯಲ್ ಥರದ ಕಡೆ ಹೆಸರು, ವಿಳಾಸ, ನಂಬರ್ ಒಂದೇ ರೀತಿ ಇರಲಿ. ಇವು ಹತ್ತೋ ಹದಿನೈದೋ ಆಗಬಹುದು. ಆ 5,000ಕ್ಕಿಂತ ಇವು ಮೇಲು. ಯಾವುದಾದರೂ ಸೈಟ್‌ಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರೆ ತಪ್ಪೇನಿಲ್ಲ. ಆದರೆ ಅದು ದುಡ್ಡಿನ ಕೊಂಡಿ ಅಂತ ಗೂಗಲ್‌ಗೆ ತಿಳಿಯುವಂತೆ ಆ ಕೊಂಡಿಗೆ ‘ಸ್ಪಾನ್ಸರ್ಡ್’ ಅನ್ನುವ ಗುರುತು ಕೋಡ್‌ನಲ್ಲಿ ಹಾಕಲು ಹೇಳಿ.

ವಾಟ್ಸಾಪ್‌ನಲ್ಲಿ ಹೊಸ ಡಿಸೈನ್ ಕಳಿಸುವುದು ಬೇಡ ಅನ್ನುವುದಿಲ್ಲ, ಕೇಳಿದವರಿಗೆ ಮಾತ್ರ ಕಳಿಸಿ. ಎಲ್ಲಿಂದಲೋ ಹತ್ತು ಸಾವಿರ ನಂಬರ್ ಕೊಂಡು ತಂದು ಮೆಸೇಜ್ ಬಿಟ್ಟರೆ ಜನ ರಿಪೋರ್ಟ್ ಒತ್ತುತ್ತಾರೆ, ವ್ಯಾಪಾರದ ನಂಬರೇ ಬ್ಲಾಕ್ ಆಗುತ್ತದೆ.

ಎಷ್ಟು ದಿನ ಹಿಡಿಯುತ್ತದೆ? ಬದಲಾವಣೆ ಮಾಡಿ ಅದರ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್‌ನವರೇ ಹೇಳುತ್ತಾರೆ. ಬರೀ ‘ಜೀನ್ಸ್’ ಅಂತ ಹುಡುಕಿದರೆ ನೀವು ಯಾವತ್ತೂ ಬರುವುದಿಲ್ಲ, ಅದರ ಆಸೆ ಬಿಡಿ. ‘ಬಳ್ಳಾರಿ ಜೀನ್ಸ್ ಹೋಲ್‌ಸೇಲ್ 50 ಪೀಸ್’ ಅಂತ ಹುಡುಕುವವರು ತಿಂಗಳಿಗೆ ಬೆರಳೆಣಿಕೆಯಷ್ಟೇ ಇರಬಹುದು. ಆದರೆ ಹಾಗೆ ಹುಡುಕುವವರು ಕೊಳ್ಳಲು ಬಂದವರು.

ಇನ್ನು ಆ 25 ಸಾವಿರ. ಅದರಲ್ಲಿ ಸ್ವಲ್ಪ ಕೊಟ್ಟು ಊರಿನ ಒಬ್ಬ ಒಳ್ಳೆಯ ಫೋಟೊಗ್ರಾಫರ್‌ನನ್ನು ಒಂದು ದಿನ ಯೂನಿಟ್‌ಗೆ ಕರೆಸಿ. ಪ್ಯಾಂಟಿನ ಮುಂದೆ, ಹಿಂದೆ, ಹೊಲಿಗೆ, ಬಟನ್, ಒಳಗಿನ ಪಾಕೆಟ್ ಬಟ್ಟೆ ಹತ್ತಿರದಿಂದ ತೆಗೆಸಿ. ಮಷಿನ್ ಮೇಲೆ ಕೆಲಸ ಮಾಡುವವರ ಫೋಟೊ ಹಾಕುವುದಾದರೆ ಅವರನ್ನು ಕೇಳಿ ಹಾಕಿ. ಸೈಟ್ ರಿಪೇರಿ ಮಾಡುವ ಹುಡುಗನಿಗೆ ಸುಮ್ನೆ ಮಾಡಿಸಿಕೊಳ್ಳದೆ ಕೂಲಿ ಕೊಡಿ, ಬೇಗ ಆಗುತ್ತದೆ. ಪುಟಗಳೆಲ್ಲ ಸರಿಯಾದ ಮೇಲೆ ಉಳಿದ ದುಡ್ಡಿನಲ್ಲಿ ಗೂಗಲ್ ಜಾಹೀರಾತನ್ನು ನಾಲ್ಕೈದು ಜಿಲ್ಲೆಗಷ್ಟೇ ಹಾಕಿ ಒಂದು ತಿಂಗಳು ನೋಡಬಹುದು. ಪುಟ ಸರಿಯಿಲ್ಲದಾಗ ಜಾಹೀರಾತು ಹಾಕಿದರೆ ಪ್ರತಿ ಕ್ಲಿಕ್‌ಗೂ ದುಡ್ಡು ಹೋಗುತ್ತದೆ, ಫೋನ್ ಬರುವುದಿಲ್ಲ.

ಒಂದು ಮಾತ್ರ ಮೊದಲೇ ವಿಚಾರಿಸಿ. ಸೈಟಿನ ವಿಳಾಸ, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ, ಯಾರ ಇ-ಮೇಲ್‌ನಲ್ಲಿ ರಿಜಿಸ್ಟರ್ ಆಗಿದೆ? ಇಂಥ ಕಡೆ ಬಹಳ ಸಲ ಅದು ಮಾಡಿಕೊಟ್ಟವರ ಹೆಸರಿನಲ್ಲೇ ಇರುತ್ತದೆ. ಹುಡುಗ ಒಳ್ಳೆಯವನೇ ಇರಬಹುದು, ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ನಂಬರ್ ಬದಲಾಯಿಸಿದರೆ ಏನು ಮಾಡುತ್ತೀರಿ? ಡೊಮೇನ್, ಹೋಸ್ಟಿಂಗ್ (ಸೈಟಿನ ಫೈಲ್‌ಗಳನ್ನಿಡುವ ಬಾಡಿಗೆ ಜಾಗ), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ನಾಲ್ಕೂ ನಿಮ್ಮ ಇ-ಮೇಲ್‌ನಲ್ಲಿರಲಿ, ಅವನಿಗೆ ಬೇಕಾದಷ್ಟು ಅಧಿಕಾರ ಕೊಟ್ಟರಾಯಿತು. ಡೊಮೇನನ್ನು ಒಂದು ವರ್ಷಕ್ಕೆ ತೆಗೆದುಕೊಂಡಿದ್ದರೆ ಇನ್ನಾರು ತಿಂಗಳಿಗೆ ರಿನ್ಯೂವಲ್ ಬರುತ್ತದೆ. ಅದರ ನೆನಪಿನ ಮೇಲ್ ಯಾರಿಗೆ ಹೋಗುತ್ತದೆ ಅಂತ ಈ ವಾರವೇ ಕೇಳಿಕೊಳ್ಳಿ.